ಲಂಡನ್ನಿನ ಕೋಟಾ, ಕೊಡಗಿನ ಕಣ: 1989ರಲ್ಲಿ ಕಾಫಿ ಒಪ್ಪಂದ ಕುಸಿದ ಪ್ರಕರಣ

ಕೊಡಗಿನಲ್ಲಿ ಕಾಫಿ ರೇಟಿನ ಮಾತು ಬರದ ಮನೆ ಇಲ್ಲ. ಬ್ರೆಜಿಲ್‌ನಲ್ಲಿ ಮಳೆ ಆಯ್ತಾ, ವಿಯೆಟ್ನಾಂನಲ್ಲಿ ಫಸಲು ಎಷ್ಟು ಅನ್ನುವುದು ಗೋಣಿಕೊಪ್ಪದ ಸಂತೆಯಲ್ಲೂ ಕೇಳಿಬರುತ್ತದೆ. ಆದರೆ ಒಂದು ಕಾಲದಲ್ಲಿ ಈ ರೇಟಿನ ಹಿಂದೆ ಮಳೆ, ಫಸಲಿನ ಜೊತೆಗೆ ಲಂಡನ್ನಿನ ಒಂದು ಸಭೆಯೂ ಇತ್ತು. ಯಾವ ದೇಶ ಎಷ್ಟು ಚೀಲ ರಫ್ತು ಮಾಡಬೇಕು ಎಂದು ಸರ್ಕಾರಗಳು ಅಲ್ಲಿ ಕೂತು ಹಂಚಿಕೊಳ್ಳುತ್ತಿದ್ದವು. 1989ರ ಜುಲೈ 4ರಿಂದ ಆ ಹಂಚಿಕೆ ನಿಂತುಹೋಯಿತು. ಆಮೇಲೆ ಮತ್ತೆ ಶುರುವಾಗಲೇ ಇಲ್ಲ.

ಡಿಗ್ರಿ ಮಕ್ಕಳಿಗೆ ಅಂತರರಾಷ್ಟ್ರೀಯ ಸಂಬಂಧಗಳ ಸಿದ್ಧಾಂತಗಳನ್ನು ಹೇಳಿಕೊಡುವಾಗ ನಾನು ಮೊದಲು ಎತ್ತಿಕೊಳ್ಳುವುದು ಈ ಪ್ರಕರಣವನ್ನೇ. ಯುದ್ಧ, ಕ್ಷಿಪಣಿ, ಶೃಂಗಸಭೆ ಎಲ್ಲ ಆಮೇಲೆ. ಕಾಫಿಯಾದರೆ ಅವರ ಮನೆ ಅಂಗಳದಲ್ಲೇ ಇದೆ, ಸುಮ್ನೆ ಬಾಯಿಪಾಠ ಮಾಡಬೇಕಾಗಿಲ್ಲ. ಇನ್ನೂ ದೊಡ್ಡ ಕಾರಣ ಒಂದಿದೆ. ಒಪ್ಪಂದ ಯಾಕೆ ಹುಟ್ಟಿತು, ಯಾಕೆ ಕುಸಿಯಿತು ಎಂದು ಹೇಳಲು ಎಲ್ಲ ಸಿದ್ಧಾಂತಗಳೂ ಮುಂದೆ ಬರುತ್ತವೆ. ಕೊಡಗಿಗೆ ಏನಾಯಿತು ಎಂದು ಕೇಳಿದರೆ ಮಾತ್ರ ಎಲ್ಲವೂ ತಡವರಿಸುತ್ತವೆ. ಆ ತಡವರಿಕೆಯಲ್ಲೇ ಕಲಿಯುವುದು ಜಾಸ್ತಿ ಇದೆ ಎಂದು ನನಗೆ ಅನಿಸುತ್ತದೆ.

ಯುದ್ಧ ಕೊಟ್ಟ ಎರಡು ಏರ್ಪಾಡು

ಎರಡನೇ ಮಹಾಯುದ್ಧ ಶುರುವಾದಾಗ ಯುರೋಪಿನ ಬಂದರುಗಳು ಕಾಫಿಗೆ ಮುಚ್ಚಿಹೋದವು. ಲ್ಯಾಟಿನ್ ಅಮೆರಿಕದ ದೇಶಗಳ ಕಾಫಿ ಕೊಳ್ಳುವವರಿಲ್ಲದೆ ಬಿದ್ದಿತು. ಆ ದೇಶಗಳು ಜರ್ಮನಿಯ ಕಡೆ ವಾಲಬಾರದು ಎಂಬ ಚಿಂತೆ ಅಮೆರಿಕಕ್ಕಿತ್ತು. 1940ರ ನವೆಂಬರ್‌ನಲ್ಲಿ ಅಮೆರಿಕ ಆ ದೇಶಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಪ್ರತಿ ದೇಶಕ್ಕೂ ಇಷ್ಟು ಎಂದು ಕೋಟಾ, ಬೆಲೆಗೆ ಒಂದು ಆಸರೆ.

ಅದೇ ಯುದ್ಧ, ಅದೇ ಮುಚ್ಚಿದ ಯುರೋಪು ನಮ್ಮಲ್ಲೂ ಒಂದು ಏರ್ಪಾಡನ್ನು ತಂದಿತು. 1940ರ ಸುಗ್ರೀವಾಜ್ಞೆ, ಆಮೇಲೆ 1942ರ ಕಾಫಿ ಕಾಯ್ದೆ. ಬೆಂಗಳೂರಿನ ಕಾಫಿ ಮಂಡಳಿ ಹೀಗೆ ಬಂತು. ಬೆಳೆಗಾರ ತನ್ನ ಕಾಫಿಯನ್ನೆಲ್ಲ ಪೂಲ್‌ಗೆ, ಅಂದರೆ ಮಂಡಳಿಯ ಒಟ್ಟು ದಾಸ್ತಾನಿಗೆ ಕೊಡಬೇಕು, ಮಾರುವುದು ಮಂಡಳಿಯ ಕೆಲಸ. ಮನೆ ಖರ್ಚಿಗೆ, ಬಿತ್ತನೆಗೆ ಒಂದಷ್ಟು ಇಟ್ಟುಕೊಳ್ಳಬಹುದಿತ್ತು. ಅದು ಬಿಟ್ಟು ತಾನೇ ಬೆಳೆದ ಕಾಫಿಯನ್ನು ತಾನೇ ಹೊರಗೆ ಮಾರಿದರೆ ಅಪರಾಧ.

ಪೂಲ್ ಕಾಲದ ಒಂದು ಚೀಲದ ಹಿಂದೆ ಹೋಗಿ ನೋಡಿದರೆ ಈ ಏರ್ಪಾಡು ಅರ್ಥವಾಗುತ್ತದೆ. ರೊಬಸ್ಟಾ ಜಾತಿಯ ಕಾಫಿ ಹಣ್ಣು ಕೊಯ್ದು ಕಣದಲ್ಲಿ ಹರವುತ್ತಿದ್ದರು. ದಿನಾ ಕಾಲಾಡಿಸಿ ತಿರುವಬೇಕು, ಸಂಜೆ ಗುಡ್ಡೆ ಹಾಕಿ ಮುಚ್ಚಬೇಕು. ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ಕುಲುಕಿದಾಗ ಒಳಗೆ ಬೀಜ ಗಲಗಲ ಅಂದರೆ ಚೆರಿ, ಅಂದರೆ ಇಡೀ ಹಣ್ಣು, ಒಣಗಿದೆ ಅಂತ ಲೆಕ್ಕ. ಚೀಲ ತುಂಬಿ ಲಾರಿಗೆ ಹಾಕಿದರೆ ಮಂಗಳೂರಿಗೋ ಹುಣಸೂರಿಗೋ, ಸಿಪ್ಪೆ ತೆಗೆದು ಬೀಜ ಬೇರ್ಪಡಿಸುವ ಯಾವುದಾದರೂ ಕ್ಯೂರಿಂಗ್ ವರ್ಕ್ಸ್‌ಗೆ. ಅಲ್ಲಿ ಗ್ರೇಡ್ ಮಾಡಿ ಪಾಯಿಂಟ್ ಲೆಕ್ಕ ಹಾಕುತ್ತಿದ್ದರು. ಕೈಗೆ ಮೊದಲು ಮುಂಗಡ. ಮಂಡಳಿ ಹರಾಜಿನಲ್ಲಿ ಮಾರಿದ ಹಾಗೆ ಒಂದು ಪಾಯಿಂಟಿಗೆ ಇಷ್ಟು ಎಂದು ಉಳಿದದ್ದು ಕಂತು ಕಂತಾಗಿ. ಕೊನೆ ಕಂತು ಬರುವಷ್ಟರಲ್ಲಿ ಮುಂದಿನ ಫಸಲೇ ಕಣಕ್ಕೆ ಬಂದಿರುತ್ತಿತ್ತು.

ಇನ್ನು ಆ ಕಾಫಿ ಹಡಗು ಹತ್ತುವಾಗ ಅದರ ಜೊತೆ ಒಂದು ಕಾಗದ ಹೋಗುತ್ತಿತ್ತು, ಮೂಲ ಪ್ರಮಾಣಪತ್ರ. ಇದು 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ತಂದ ಪದ್ಧತಿ. ಕೊಳ್ಳುವ ದೇಶದ ಕಸ್ಟಮ್ಸ್‌ನವರು ಅದನ್ನು ನೋಡದೆ ಸರಕು ಬಿಡುವಂತಿಲ್ಲ. ಆ ಕಾಗದಗಳ ಲೆಕ್ಕ ಲಂಡನ್ನಿನ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಗೆ ಹೋಗುತ್ತಿತ್ತು. ಅಲ್ಲಿ ಭಾರತದ ಕೋಟಾದಲ್ಲಿ ಅಷ್ಟು ಕಳೆಯುತ್ತಿದ್ದರು. ಮಾರುವವರು ಮಾಡಿಕೊಂಡ ಕೂಟವನ್ನು ಕೊಳ್ಳುವವರೇ ಕಾವಲು ಕಾಯುವ ಏರ್ಪಾಡು ಇದು. ಇಂಥದ್ದು ಜಗತ್ತಿನಲ್ಲಿ ತೀರಾ ಅಪರೂಪ. ತೈಲ ದೇಶಗಳ ಕೂಟಕ್ಕೂ ಈ ಸೌಕರ್ಯ ಇರಲಿಲ್ಲ.

ಅಮೆರಿಕ ಯಾಕೆ ಕಾವಲು ನಿಂತಿತು?

ಜಗತ್ತಿನಲ್ಲೇ ಅತಿ ಹೆಚ್ಚು ಕಾಫಿ ಕೊಳ್ಳುವ ದೇಶ ತನ್ನ ಜನ ಜಾಸ್ತಿ ದುಡ್ಡು ಕೊಡುವುದಕ್ಕೆ ತಾನೇ ಒಪ್ಪಿಕೊಂಡಿತು. ಯಾಕೆ? ಇಲ್ಲಿ ವಾಸ್ತವವಾದದ ಉತ್ತರ ಗಟ್ಟಿಯಾಗಿದೆ. ದೇಶಗಳ ಮೇಲೆ ಯಜಮಾನ ಯಾರೂ ಇಲ್ಲ, ಹಾಗಾಗಿ ಪ್ರತಿಯೊಂದೂ ತನ್ನ ಭದ್ರತೆ, ತನ್ನ ಬಲವನ್ನೇ ಮೊದಲು ನೋಡುತ್ತದೆ ಎನ್ನುವ ವಾದ ಇದು. ಹ್ಯಾನ್ಸ್ ಮಾರ್ಗೆಂಥೌ ಇದನ್ನು ಮನುಷ್ಯನ ಅಧಿಕಾರದ ಹಸಿವಿನಿಂದ ಹೇಳಿದರು. 1979ರಲ್ಲಿ ಕೆನೆತ್ ವಾಲ್ಟ್ಜ್ ಅದನ್ನು ಜಗತ್ತಿನ ರಚನೆಯಿಂದಲೇ ಹೇಳಿದರು.

ಇಸವಿಗಳನ್ನು ನೋಡಿ. 1940ರಲ್ಲಿ ಎದುರಿಗೆ ಜರ್ಮನಿ. 1959ರಲ್ಲಿ ಕ್ಯೂಬಾ ಕ್ರಾಂತಿ. 1961ರಲ್ಲಿ ಕೆನಡಿ ಲ್ಯಾಟಿನ್ ಅಮೆರಿಕದ ದೇಶಗಳಿಗೆ ದೊಡ್ಡ ನೆರವಿನ ಯೋಜನೆ ತಂದರು. ಮಾರನೇ ವರ್ಷವೇ ಕಾಫಿ ಒಪ್ಪಂದ. ಬೆಲೆ ಬಿದ್ದರೆ ಬ್ರೆಜಿಲ್, ಕೊಲಂಬಿಯಾದ ಹಳ್ಳಿಗಳು ಕಮ್ಯುನಿಸ್ಟರ ಕಡೆ ಹೋಗುತ್ತವೆ ಎಂಬ ಭಯವನ್ನು ಅಮೆರಿಕದ ನಾಯಕರು ಮುಚ್ಚಿಡಲೂ ಇಲ್ಲ. ಎರಡು ಸಲ ಅಮೆರಿಕ ಕೋಟಾಕ್ಕೆ ಒಪ್ಪಿದ್ದು, ಎರಡು ಸಲವೂ ಬಾಗಿಲಲ್ಲಿ ಶತ್ರು ಇದ್ದಾಗ.

ಕೊಡಗಿನವರಿಗೆ ಈ ಸಿದ್ಧಾಂತ ಬೇಗ ಹಿಡಿಸುತ್ತದೆ. ನಮ್ಮ ಇತಿಹಾಸವೇ ಅಂಥದ್ದು ಅಲ್ವಾ? ಟಿಪ್ಪುವಿನ ವಿರುದ್ಧ ನಿಲ್ಲಲು ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ 1790ರಲ್ಲಿ ತಲಶ್ಶೇರಿಯ ಈಸ್ಟ್ ಇಂಡಿಯಾ ಕಂಪನಿ ಅಧಿಕಾರಿಗಳ ಜೊತೆ ಒಪ್ಪಂದ ಮಾಡಿಕೊಂಡ. ಆ ಹೊತ್ತಿಗೆ ಅದರಿಂದ ರಾಜ್ಯ ಉಳಿಯಿತು. 1834ರಲ್ಲಿ ಅದೇ ಕಂಪನಿ ಕೊಡಗನ್ನು ನುಂಗಿಕೊಂಡಿತು. ದೊಡ್ಡವರ ಆಸರೆ ಅವರಿಗೆ ನಾವು ಬೇಕಾಗಿರುವಷ್ಟು ದಿನ ಮಾತ್ರ. ಇದನ್ನು ನಮ್ಮ ಮಕ್ಕಳಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಆದರೆ ಒಪ್ಪಂದ ಕುಸಿದ ಕಥೆಗೆ ಬಂದರೆ ವಾಸ್ತವವಾದ ಎಡವುತ್ತದೆ. ಶೀತಲ ಸಮರ ಮುಗಿಯಿತು, ಅಮೆರಿಕಕ್ಕೆ ಕಾಫಿ ರೈತರು ಬೇಡವಾದರು ಎನ್ನುವುದು ಎಲ್ಲೆಡೆ ಕೇಳುವ ಮಾತು. ಕೇಳಲು ಚೆನ್ನಾಗಿದೆ. ಕ್ಯಾಲೆಂಡರ್ ಒಪ್ಪುವುದಿಲ್ಲ. ಕೋಟಾ ನಿಂತಿದ್ದು ಜುಲೈ 4ಕ್ಕೆ. ಬರ್ಲಿನ್ ಗೋಡೆ ಬಿದ್ದಿದ್ದು ನವೆಂಬರ್ 9ಕ್ಕೆ, ನಾಲ್ಕು ತಿಂಗಳು ಆದಮೇಲೆ. ಆ ಜುಲೈನಲ್ಲಿ ಎಲ್ ಸಾಲ್ವಡೋರ್‌ನಲ್ಲಿ ಅಂತರ್ಯುದ್ಧ ನಡೆಯುತ್ತಲೇ ಇತ್ತು. ಅಲ್ಲಿನ ಸರ್ಕಾರದ ಸೈನ್ಯವನ್ನು ಅಮೆರಿಕವೇ ಸಾಕುತ್ತಿತ್ತು, ಮತ್ತು ಆ ದೇಶ ಬದುಕುತ್ತಿದ್ದುದೇ ಕಾಫಿಯ ಮೇಲೆ. ಭದ್ರತೆಯೇ ಎಲ್ಲ ಎನ್ನುವುದಾದರೆ ಕಾಫಿ ಬೆಲೆ ಬೀಳಲು ಅಮೆರಿಕ ಬಿಡಬಾರದಿತ್ತು. ಬಿಟ್ಟಿತು.

ಒಳಮನೆಯ ಲೆಕ್ಕ

ಈ ಗಂಟನ್ನು ಬಿಡಿಸುವುದಕ್ಕೆ, ನಿಯಮ, ಸಂಸ್ಥೆಗಳ ಮೂಲಕ ದೇಶಗಳು ಸಹಕರಿಸಬಲ್ಲವು ಎನ್ನುವ ಉದಾರವಾದದ ಮನೆಯಲ್ಲಿ ಹುಟ್ಟಿದ ಒಂದು ವಾದ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದೆ. 1988ರಲ್ಲಿ ರಾಬರ್ಟ್ ಪಟ್ನಮ್ ಹೇಳಿದ್ದು. ಮಾತುಕತೆಗೆ ಹೋದ ಸರ್ಕಾರ ಒಟ್ಟಿಗೇ ಎರಡು ಮೇಜಿನಲ್ಲಿ ಕೂತಿರುತ್ತದೆ. ಒಂದರಲ್ಲಿ ಬೇರೆ ದೇಶಗಳು, ಇನ್ನೊಂದರಲ್ಲಿ ತನ್ನದೇ ದೇಶದ ವ್ಯಾಪಾರಿಗಳು, ರೈತರು, ಶಾಸಕರು. ಎರಡು ಕಡೆಯೂ ಒಪ್ಪದಿದ್ದರೆ ಒಪ್ಪಂದ ಇಲ್ಲ.

ಲಂಡನ್ನಿನಲ್ಲಿ ರಫ್ತು ದೇಶಗಳಿಗೆ ಒಟ್ಟು 1000 ಮತ, ಕೊಳ್ಳುವ ದೇಶಗಳಿಗೆ 1000 ಮತ. ದೊಡ್ಡ ತೀರ್ಮಾನಕ್ಕೆ ಎರಡೂ ಕಡೆ ಮೂರರಲ್ಲಿ ಎರಡು ಭಾಗ ಬೇಕು. ಇಂಥ ನಿಯಮ ಇದ್ದರೆ ದೊಡ್ಡಣ್ಣನ ಆಸಕ್ತಿ ಕಡಿಮೆಯಾದರೂ ಸಂಸ್ಥೆ ನಡೆದುಕೊಂಡು ಹೋಗುತ್ತದೆ, ಯಾಕೆಂದರೆ ಅದು ಮಾಹಿತಿ ಕೊಡುತ್ತದೆ, ಮೋಸವನ್ನು ಹಿಡಿಯುತ್ತದೆ ಎಂದು ರಾಬರ್ಟ್ ಕೋಹೇನ್ 1984ರಲ್ಲಿ ವಾದಿಸಿದ್ದರು. ಕಾಫಿಯಲ್ಲಿ ಇದು ತಕ್ಕಮಟ್ಟಿಗೆ ನಿಜವೂ ಆಯಿತು. 1975ರಲ್ಲಿ ಬ್ರೆಜಿಲ್‌ನ ಪರಾನಾದಲ್ಲಿ ಹಿಮ ಬಿದ್ದು ತೋಟಗಳು ಸುಟ್ಟಾಗ ಬೆಲೆ ಗಗನಕ್ಕೆ ಹೋಯಿತು, ಕೋಟಾ ಬೇಕಾಗಲಿಲ್ಲ. 1980ರಲ್ಲಿ ಮತ್ತೆ ಬೇಕಾಯಿತು, ಅದೇ ಸಂಸ್ಥೆ ಅದನ್ನು ಮತ್ತೆ ತಂದಿತು. ಆ ದಶಕದಲ್ಲಿ ಪೌಂಡಿಗೆ 120ರಿಂದ 140 ಸೆಂಟ್ ಒಳಗೆ ಬೆಲೆ ಇರಲಿ ಎಂದು ಗುರಿ ಇತ್ತು.

ಮುರಿದದ್ದು ಒಳಗಿನಿಂದ. ಕೊಳ್ಳುವ ದೇಶಗಳ ಜನ ತೊಳೆದ, ಮೃದುವಾದ ಅರೇಬಿಕಾ ಜಾತಿಯ ಕಾಫಿ ಕೇಳತೊಡಗಿದ್ದರು. ಕೋಸ್ಟಾರಿಕಾ, ಗ್ವಾಟೆಮಾಲಾ, ಮೆಕ್ಸಿಕೊ ತಮಗೆ ಹೆಚ್ಚು ಪಾಲು ಬೇಕು ಎಂದವು. ಬ್ರೆಜಿಲ್ ತನ್ನ ಸುಮಾರು 30 ಶೇಕಡಾ ಪಾಲಿನಲ್ಲಿ ಒಂದಿಷ್ಟೂ ಬಿಡಲು ತಯಾರಿರಲಿಲ್ಲ. ಅಮೆರಿಕದ ಹುರಿಯುವ ಕಂಪನಿಗಳಿಗೆ ಬೇಕಾದ ಕಾಫಿ ಬೇಕಾದಷ್ಟು ಸಿಗುತ್ತಿರಲಿಲ್ಲ, ಅವರ ಸಿಟ್ಟು ವಾಷಿಂಗ್ಟನ್‌ಗೆ ಮುಟ್ಟಿತು.

ಇನ್ನೊಂದು ಸಿಟ್ಟಿಗೆ ಕಾರಣರಲ್ಲಿ ನಾವೂ ಒಬ್ಬರು. ಸೋವಿಯತ್ ಒಕ್ಕೂಟ, ಪೂರ್ವ ಯುರೋಪಿನ ಹಲವು ದೇಶಗಳು ಒಪ್ಪಂದದ ಹೊರಗಿದ್ದವು. ಅವಕ್ಕೆ ಮಾರಿದ ಕಾಫಿ ಕೋಟಾದ ಲೆಕ್ಕಕ್ಕೆ ಬರುತ್ತಿರಲಿಲ್ಲ. ಕೋಟಾ ಮೀರಿ ಉಳಿದ ಕಾಫಿಯನ್ನು ಹಲವು ದೇಶಗಳು ಅಲ್ಲಿಗೆ ಅಗ್ಗಕ್ಕೆ ತಳ್ಳುತ್ತಿದ್ದವು. ಒಂದಿಷ್ಟು ಅಲ್ಲಿಂದ ಸುತ್ತು ಹಾಕಿ ಪಶ್ಚಿಮಕ್ಕೇ ಕಳ್ಳದಾರಿಯಲ್ಲಿ ಬರುತ್ತಿತ್ತು. ವ್ಯಾಪಾರದಲ್ಲಿ ಅದಕ್ಕೆ ‘ಟೂರಿಸ್ಟ್ ಕಾಫಿ’ ಎನ್ನುತ್ತಿದ್ದರು. ನಿಯಮ ಪಾಲಿಸಿದ ನಾವು ಜಾಸ್ತಿ ಕೊಡಬೇಕು, ಹೊರಗಿರುವ ರಷ್ಯನ್ನರಿಗೆ ಅಗ್ಗವಾ ಎಂದು ಅಮೆರಿಕ ಕೇಳಿತು. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಹಾಗಾಗಿ 1989ರ ಜುಲೈಗೆ ನನ್ನ ಉತ್ತರ ಇದು: ಶತ್ರುವಿನ ಭಯ ಒಪ್ಪಂದವನ್ನು ಹುಟ್ಟಿಸಿತು. ಪಾಲಿನ ಜಗಳ, ಒಳಮನೆಯ ಒತ್ತಡ ಅದನ್ನು ಮುರಿಯಿತು. ಹುಟ್ಟಿಗೆ ಒಂದು ಸಿದ್ಧಾಂತ, ಸಾವಿಗೆ ಇನ್ನೊಂದು ಬೇಕಾಗುತ್ತದೆ. ಪುಸ್ತಕದಲ್ಲಿ ಇವು ಎದುರಾಳಿಗಳು. ಈ ಪ್ರಕರಣದಲ್ಲಿ ಒಂದರ ಪಾಳಿ ಮುಗಿದ ಮೇಲೆ ಇನ್ನೊಂದರ ಪಾಳಿ ಬರುತ್ತದೆ.

ಸತ್ತದ್ದು ಮತ್ತೆ ಏಕೆ ಏಳಲಿಲ್ಲ ಎಂಬುದಕ್ಕೆ ರಚನಾವಾದ ಬೇಕು. ದೇಶಕ್ಕೆ ಏನು ಬೇಕು ಎಂಬುದೇ ಆ ಕಾಲದ ನಂಬಿಕೆಗಳಿಂದ ರೂಪುಗೊಳ್ಳುತ್ತದೆ ಎಂದು ಅಲೆಕ್ಸಾಂಡರ್ ವೆಂಟ್ ಮುಂತಾದವರು ಹೇಳಿದ್ದು ಇದೇ ವರ್ಷಗಳಲ್ಲಿ. ಬೆಲೆ ಹಿಡಿದಿಡುವುದು ಬಡ ದೇಶಗಳಿಗೆ ಸಲ್ಲಬೇಕಾದ ನ್ಯಾಯ ಎಂಬ ಮಾತು 1964ರ ವಿಶ್ವಸಂಸ್ಥೆ ವ್ಯಾಪಾರ ಸಮ್ಮೇಳನದಲ್ಲಿ ಗೌರವದ ಮಾತಾಗಿತ್ತು. 1980ರ ದಶಕದಲ್ಲಿ ಅದು ಮಾರುಕಟ್ಟೆಗೆ ಅಡ್ಡಗಾಲು ಎನಿಸಿಕೊಂಡಿತು. 1985ರಲ್ಲಿ ತವರದ ಬೆಲೆ ಹಿಡಿದಿಡುವ ಇಂಥದೇ ಒಪ್ಪಂದ ಮುಳುಗಿತ್ತು. 1993ರಲ್ಲಿ ಅಮೆರಿಕ ಕಾಫಿ ಸಂಸ್ಥೆಯಿಂದಲೇ ಹೊರನಡೆಯಿತು. 1994ರ ಹೊಸ ಕಾಫಿ ಒಪ್ಪಂದದಲ್ಲಿ ಕೋಟಾದ ಸುದ್ದಿಯೇ ಇರಲಿಲ್ಲ. ಲಂಡನ್ನಿನ ಕಚೇರಿ ಉಳಿಯಿತು, ಅಂಕಿಅಂಶ ಕೊಡುತ್ತಾ.

ಕೊಡಗಿಗೆ ಪೆಟ್ಟು ಯಾವಾಗ ಬಿತ್ತು?

ಕಾಫಿ ಸಂಸ್ಥೆಯ ಸರಾಸರಿ ಬೆಲೆ 1988ರಲ್ಲಿ ಪೌಂಡಿಗೆ ಸುಮಾರು 116 ಸೆಂಟ್ ಇತ್ತು. 1990ರಲ್ಲಿ 72. 1992ರಲ್ಲಿ 53. ಲ್ಯಾಟಿನ್ ಅಮೆರಿಕದಲ್ಲಿ ಈ ಅಂಕಿಗಳ ಹಿಂದೆ ಬಿಟ್ಟುಹೋದ ತೋಟಗಳಿವೆ, ವಲಸೆ ಇದೆ. ಕೊಲಂಬಿಯಾ ಸರ್ಕಾರವಂತೂ ಕಾಫಿ ಬಿದ್ದರೆ ರೈತ ಕೊಕೇನ್ ತೆಗೆಯುವ ಕೋಕಾ ಗಿಡ ಬೆಳೆಯುತ್ತಾನೆ ಎಂದು ಅಮೆರಿಕಕ್ಕೆ ಎಚ್ಚರಿಸಿತು.

ಇದೇ ಲೆಕ್ಕದಲ್ಲಿ ಕೊಡಗಿನಲ್ಲೂ 1989ರ ಕೊನೆಗೆ ಹಾಹಾಕಾರ ಏಳಬೇಕಿತ್ತು. ಪೆಟ್ಟು ಬಂತು, ಆದರೆ ತಡವಾಗಿ, ಬೇರೆ ದಾರಿಯಲ್ಲಿ. ನಡುವೆ ಎರಡು ಗೋಡೆಗಳಿದ್ದವು. ಒಂದು, ಸೋವಿಯತ್ ಒಕ್ಕೂಟ. ರೂಪಾಯಿಯಲ್ಲೇ ಲೆಕ್ಕ ಚುಕ್ತಾ ಮಾಡುವ ವ್ಯಾಪಾರ ಒಪ್ಪಂದದಲ್ಲಿ ಅದು ನಮ್ಮ ಕಾಫಿಯ ದೊಡ್ಡ ಗಿರಾಕಿ. ಆ ಖರೀದಿಯ ಹಿಂದೆ ದೆಹಲಿ ಮತ್ತು ಮಾಸ್ಕೋ ನಡುವಿನ ಸ್ನೇಹ ಇತ್ತು, ಲಂಡನ್ನಿನ ಕೋಟಾ ಇರಲಿಲ್ಲ. ಎರಡು, ಮಂಡಳಿಯ ಪೂಲ್. ಎಲ್ಲರ ಕಾಫಿ, ಎಲ್ಲ ಹರಾಜು ಒಟ್ಟುಗೂಡಿ ಕಂತಿನಲ್ಲಿ ಹಣ ಬರುವುದರಿಂದ ಲಂಡನ್ನಿನ ಇವತ್ತಿನ ಬೆಲೆ ನಾಳೆಯೇ ಬೆಳೆಗಾರನ ಕೈಯನ್ನು ಸುಡುತ್ತಿರಲಿಲ್ಲ.

ಎರಡೂ ಗೋಡೆಗಳು ಹೆಚ್ಚುಕಮ್ಮಿ ಒಟ್ಟಿಗೇ ಬಿದ್ದವು. 1991ರ ಜುಲೈನಲ್ಲಿ ರೂಪಾಯಿ ಅಪಮೌಲ್ಯ, ಆರ್ಥಿಕ ಸುಧಾರಣೆ. ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ದೊಡ್ಡ ಗಿರಾಕಿ ಹೋದ, ಕಂತು ಇನ್ನೂ ನಿಧಾನವಾಯಿತು. ನಮ್ಮ ಕಾಫಿ ನಾವೇ ಮಾರುತ್ತೇವೆ ಎಂದು ಬೆಳೆಗಾರರು ಪಟ್ಟು ಹಿಡಿದರು. 1992ರಿಂದ ಹಂತಹಂತವಾಗಿ ಪೂಲ್ ಸಡಿಲವಾಯಿತು, 1996ಕ್ಕೆ ಪೂರ್ತಿ ಮುಗಿಯಿತು.

ಇದರ ನಡುವೆ 1994 ಬಂತು. ಬ್ರೆಜಿಲ್‌ನಲ್ಲಿ ಜೂನ್ ಕೊನೆಗೊಮ್ಮೆ, ಜುಲೈನಲ್ಲಿ ಮತ್ತೊಮ್ಮೆ ಹಿಮ. ಸರಾಸರಿ ಬೆಲೆ ಒಂದೇ ವರ್ಷದಲ್ಲಿ 62 ಸೆಂಟಿನಿಂದ 134ಕ್ಕೆ ಏರಿತು. ಬೆಳೆಗಾರನಿಗೆ ಮಾರುವ ಹಕ್ಕು ಸಿಗುತ್ತಿದ್ದ ಹೊತ್ತಿಗೇ ಬೆಲೆಯೂ ಬಂತು. ತರಗತಿಯಲ್ಲಿ ಈ ಭಾಗಕ್ಕೆ ಬಂದಾಗ ಒಬ್ಬ ಹುಡುಗ ಎದ್ದು, “ಸರ್, ನಮ್ಮಜ್ಜ ಜೀಪ್ ತಗೊಂಡಿದ್ದು ಆ ವರ್ಷಾನೇ” ಎಂದ. ಹಿಂದಿನ ಬೆಂಚಿನಿಂದ ಇನ್ನೊಬ್ಬಳು, “ನಮ್ಮನೆ ಮಾಡಿಗೆ ಹೆಂಚು ಹೊಸದು ಹಾಕಿದ್ದೂ ಆಗಲೇ ಸರ್” ಎಂದಳು.

ನನ್ನ ಪ್ರಕಾರ ಈ ಪ್ರಕರಣದ ಮುಖ್ಯ ಮಾತು ಇಲ್ಲಿದೆ. ಎಲ್ ಸಾಲ್ವಡೋರ್‌ನ ರೈತನ ನೆನಪಿನಲ್ಲಿ ಮುಕ್ತ ಮಾರುಕಟ್ಟೆ ಎಂದರೆ 1989ರ ಕುಸಿತ. ಕೊಡಗಿನ ರೈತನ ನೆನಪಿನಲ್ಲಿ ಅದೇ ಮಾರುಕಟ್ಟೆ ಎಂದರೆ 1994ರ ಜೀಪು. ಜಗತ್ತಿನ ಘಟನೆ ಒಂದೇ, ಮುಟ್ಟಿದ ದಿನ ಬೇರೆ, ಹಾಗಾಗಿ ಬೆಳೆದ ನಂಬಿಕೆಯೂ ಬೇರೆ. ಅಮೆರಿಕ, ಬ್ರೆಜಿಲ್ ಮಟ್ಟದಲ್ಲಿ ನಿಂತು ನೋಡುವ ಯಾವ ಸಿದ್ಧಾಂತಕ್ಕೂ ಈ ವ್ಯತ್ಯಾಸ ಕಾಣಿಸುವುದಿಲ್ಲ. ಅದು ಕಾಣಬೇಕಾದರೆ ನಡುವಿನ ಪದರವನ್ನು ನೋಡಬೇಕು: ನಮ್ಮ ದೇಶದ ಸ್ನೇಹ ಯಾರ ಜೊತೆ, ನಮ್ಮ ಮಾಲು ಯಾರ ಕೈಯಿಂದ ಹೋಗುತ್ತದೆ, ಹಣ ಎಷ್ಟು ದಿನಕ್ಕೆ ಬರುತ್ತದೆ.

ಗೋಡೆ ಇಲ್ಲದ ಮೇಲೆ

2001ಕ್ಕೆ ಬೆಲೆ 46 ಸೆಂಟಿಗೆ ಇಳಿಯಿತು. ಈ ಸಲ ತಡೆಯಲು ನಡುವೆ ಏನೂ ಇರಲಿಲ್ಲ. ಕೊಡಗಿನಲ್ಲಿ ಗೊಬ್ಬರ ಹಾಕದೆ ಬಿಟ್ಟ ತೋಟಗಳು, ಬ್ಯಾಂಕ್ ನೋಟಿಸುಗಳು. ಕೇಂದ್ರ ಸರ್ಕಾರ 2002ರಲ್ಲಿ ಹಳೆ ಸಾಲಗಳನ್ನು ವಿಶೇಷ ಅವಧಿ ಸಾಲವಾಗಿ ಬದಲಿಸಿಕೊಡಬೇಕಾಯಿತು.

ಅವಲಂಬನ ಸಿದ್ಧಾಂತ ಇಲ್ಲಿ ಬಾಯಿ ತೆರೆಯುತ್ತದೆ, ತೆರೆಯಲೇಬೇಕು. ಕಚ್ಚಾ ಮಾಲು ಮಾರುವ ದೇಶಗಳ ಪಾಲು ಕಾಲ ಕಳೆದಂತೆ ಕುಗ್ಗುತ್ತದೆ ಎಂದು ಅರ್ಜೆಂಟೀನಾದ ರಾವುಲ್ ಪ್ರೆಬಿಷ್ 1950ರ ಹೊತ್ತಿಗೇ ಹೇಳಿದ್ದರು. ಕಾಫಿ ಸಂಸ್ಥೆಯದೇ ಅಂದಾಜಿನಂತೆ 1990ರ ದಶಕದ ಆರಂಭದಲ್ಲಿ ಜಗತ್ತಿನ ಚಿಲ್ಲರೆ ಕಾಫಿ ವಹಿವಾಟು ಸುಮಾರು 3000 ಕೋಟಿ ಡಾಲರ್, ಬೆಳೆಯುವ ದೇಶಗಳಿಗೆ ಬಂದದ್ದು 1000ರಿಂದ 1200 ಕೋಟಿ. ಹತ್ತು ವರ್ಷ ಕಳೆದ ಮೇಲೆ ವಹಿವಾಟು 7000 ಕೋಟಿ, ಬಂದದ್ದು ಸುಮಾರು 550 ಕೋಟಿ. ಕಪ್ಪಿನ ಬೆಲೆ ಏರಿದೆ, ಚೀಲದ ಬೆಲೆ ಇಳಿದಿದೆ.

ಆದರೂ ಈ ಸಿದ್ಧಾಂತಕ್ಕೆ ವಿಯೆಟ್ನಾಂ ಒಂದು ತೊಡಕು. 1986ರ ಸುಧಾರಣೆಯ ನಂತರ ಅಲ್ಲಿನ ಸರ್ಕಾರ ಜನರನ್ನು ಮಧ್ಯದ ಎತ್ತರದ ಸೀಮೆಗೆ ಕಳಿಸಿ ರೊಬಸ್ಟಾ ಬೆಳೆಸಿತು. ಹತ್ತು ವರ್ಷದಲ್ಲಿ ಬೆಳೆ ಸುಮಾರು ಹತ್ತು ಪಟ್ಟಾಯಿತು, ಅದು ಜಗತ್ತಿನ ಎರಡನೇ ದೊಡ್ಡ ಬೆಳೆಗಾರ ದೇಶವಾಯಿತು. 2001ರಲ್ಲಿ ನಮ್ಮ ರೊಬಸ್ಟಾ ಬೆಲೆ ನೆಲ ಕಚ್ಚಲು ಶ್ರೀಮಂತ ದೇಶಗಳಷ್ಟೇ ಇದೂ ಕಾರಣ. ಇನ್ನೊಂದು ಮಾತನ್ನೂ ಹೇಳಲೇಬೇಕು. ಈ ಸಿದ್ಧಾಂತದ ನಕ್ಷೆಯಲ್ಲಿ ಕೊಡಗು ಒಂದು ಚುಕ್ಕೆ. ಆ ಚುಕ್ಕೆಯ ಒಳಗೆ ತೋಟದ ಮನೆ ಇದೆ, ಕೂಲಿಯವರ ಲೈನ್ ಮನೆಯೂ ಇದೆ. 1994ರಲ್ಲಿ ಜೀಪ್ ಬಂದದ್ದು ಒಂದು ಮನೆಗೆ. 2001ರಲ್ಲಿ ಕೂಲಿ ದಿನ ಕಡಿಮೆಯಾದದ್ದು ಇನ್ನೊಂದಕ್ಕೆ. ಇದನ್ನು ಬಿಟ್ಟು ಕೊಡಗಿನ ನಷ್ಟದ ಬಗ್ಗೆ ಬರೆದರೆ ಅರ್ಧವೇ ಬರೆದ ಹಾಗೆ.

ಈಗ ಕೋಟಾದ ಜಾಗದಲ್ಲಿ ಬೇರೆ ನಿಯಮ ಬರುತ್ತಿದೆ. ಯುರೋಪ್ ಒಕ್ಕೂಟ 2023ರಲ್ಲಿ ಅರಣ್ಯನಾಶ ತಡೆ ಕಾನೂನು ತಂದಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಜಾರಿಯ ದಿನ ಮುಂದಕ್ಕೆ ಹೋಗುತ್ತಲೇ ಇದೆ, ಕಾನೂನು ಹೋಗಿಲ್ಲ. ನಮ್ಮ ಕಾಫಿಯ ದೊಡ್ಡ ಗಿರಾಕಿಗಳು ಇಟಲಿ, ಜರ್ಮನಿ. ಇದು ಯುರೋಪಿನ ಬಲಪ್ರದರ್ಶನವಾ, ಪರಿಸರದ ಹೊಸ ನಂಬಿಕೆಯಾ, ಬಡ ದೇಶಗಳ ಮೇಲೆ ಹೊಸ ಹೊರೆಯಾ ಎಂದು ವಿದ್ಯಾರ್ಥಿಗಳು ವಾದ ಮಾಡುತ್ತಾರೆ. ಮಾಡಲಿ. ನಾನು ಅವರನ್ನು ಮತ್ತೆ ನಡುವಿನ ಪದರಕ್ಕೆ ಕರೆದುಕೊಂಡು ಬರುತ್ತೇನೆ. ಕಾನೂನಿನ ಪ್ರಕಾರ ಪ್ರತಿ ತೋಟದ ಜಾಗವನ್ನು ಜಿಪಿಎಸ್‌ನಲ್ಲಿ ಗುರುತಿಸಬೇಕು. 4 ಹೆಕ್ಟೇರ್ ಒಳಗಿದ್ದರೆ ಒಂದು ಬಿಂದು ಸಾಕು, ಮೀರಿದರೆ ಸುತ್ತಳತೆ ಪೂರ್ತಿ ಬೇಕು. ಜೊತೆಗೆ ಆ ನೆಲದ ಹಕ್ಕು ಸ್ಥಳೀಯ ಕಾನೂನಿಗೆ ಸರಿಯಾಗಿರಬೇಕು. ನೆರಳಿನ ಮರಗಳ ಕೆಳಗೆ ಬೆಳೆಯುವ ನಮ್ಮ ಕಾಫಿಗೆ ಕಾಡು ಕಡಿಯಬಾರದೆನ್ನುವ ನಿಯಮ ಕಷ್ಟವಲ್ಲ. ನೆಲದ ಹಕ್ಕಿನ ನಿಯಮಕ್ಕೆ ಜಮ್ಮಾ ಬಾಣೆಯ, ಅಂದರೆ ಕೊಡಗಿನ ಹಳೆ ವಂಶಪಾರಂಪರ್ಯ ಹಿಡುವಳಿಯ, ಪಹಣಿ ತೆಗೆದು ನೋಡಿ. ಎಷ್ಟೋ ಮನೆಗಳಲ್ಲಿ ಅದು ಇನ್ನೂ ತೀರಿಹೋದ ಪಟ್ಟೆದಾರರ, ಅಂದರೆ ಮನೆತನದ ಹಿರಿಯರ, ಹೆಸರಿನಲ್ಲಿದೆ. ಅದರ ಕೆಳಗೆ ಒಕ್ಕದ (ಮನೆತನದ) ಹತ್ತಾರು ಪಾಲುದಾರರು, ಒಬ್ಬೊಬ್ಬರದೂ ಗುಂಟೆ ಲೆಕ್ಕದ ಜಾಗ. ಬ್ರಸೆಲ್ಸ್‌ನ ನಿಯಮ ಕೊಡಗಿಗೆ ಯಾವಾಗ ತಟ್ಟುತ್ತದೆ, ಯಾರಿಗೆ ಮೊದಲು ತಟ್ಟುತ್ತದೆ ಎಂಬುದು ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯ ತಾಲೂಕು ಕಚೇರಿಗಳಲ್ಲಿ ಆ ಹೆಸರುಗಳು ಎಷ್ಟು ಬೇಗ ಬದಲಾಗುತ್ತವೆ ಎಂಬುದರ ಮೇಲೆ ನಿಂತಿದೆ.